ಪ್ಲಂಬರ್ ಹ್ಯಾರಿ ಪ್ಯಾಚ್

ಸೀಸದ ಪೈಪುಗಳನ್ನು ಬೆಸೆಯುವ ವಿದ್ಯೆ ಈಗ ಹೆಚ್ಚುಕಡಿಮೆ ಯಾರಿಗೂ ಬೇಡ. ಪಿವಿಸಿ ಪೈಪಿನ ತುದಿಗೆ ಸಲ್ಯೂಷನ್ ಬಳಿದು, ಒಳಕ್ಕೆ ತಳ್ಳಿ, ಸ್ವಲ್ಪ ಹೊತ್ತು ಅದುಮಿ ಹಿಡಿದರೆ ಕೆಲಸ ಮುಗಿಯಿತು. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಪ್ಲಂಬರ್ ಆಗಬೇಕೆಂದು ಹೊರಟ ಹುಡುಗ ವರ್ಷಗಟ್ಟಲೆ ಮೇಸ್ತ್ರಿಯ ಕೈಕೆಳಗೆ ಪಳಗಬೇಕಿತ್ತು. ಒಂದು ಪೈಪಿನ ಬಾಯಿ ಅಗಲಿಸಿ, ಇನ್ನೊಂದರ ತುದಿಯನ್ನು ಕಿರಿದು ಮಾಡಿ ಅದರೊಳಗೆ ಕೂರಿಸಬೇಕು. ಮಂಕಾದ ಸೀಸದ ಮೈಯನ್ನು ಹೊಳೆಯುವವರೆಗೆ ಕೆರೆದು ತಕ್ಷಣ ಕೊಬ್ಬು ಸವರಬೇಕು, ಇಲ್ಲದಿದ್ದರೆ ಗಾಳಿ ತಗುಲಿ ಮತ್ತೆ ಮಂಕಾಗುತ್ತದೆ. ಆಮೇಲೆ ಕರಗಿದ ಬೆಸುಗೆಯನ್ನು ಸೌಟಿನಿಂದ ಸ್ವಲ್ಪಸ್ವಲ್ಪವೇ ಸುರಿಯುತ್ತ, ಇನ್ನೊಂದು ಕೈಯಲ್ಲಿ ದಪ್ಪ ಬಟ್ಟೆಯ ಮಡಿಕೆ ಹಿಡಿದು ಕೆಳಗಿನಿಂದ ಆನಿಕೊಳ್ಳಬೇಕು. ಬೆಸುಗೆಗೆ ಎರಡು ಪಾಲು ಸೀಸ, ಒಂದು ಪಾಲು ತವರ. ಈ ಮಿಶ್ರಣ ಒಮ್ಮೆಗೇ ಗಟ್ಟಿಯಾಗುವುದಿಲ್ಲ. ಸುಮಾರು 250 ಡಿಗ್ರಿಯಿಂದ 183 ಡಿಗ್ರಿಗೆ ಇಳಿಯುವ ತನಕ ಅರ್ಧ ಹೆಪ್ಪುಗಟ್ಟಿದ ತುಪ್ಪದ ಹಾಗೆ ಇರುತ್ತದೆ. ಅಷ್ಟರೊಳಗೆ ಪೈಪಿನ ಸುತ್ತ ಬಟ್ಟೆಯಲ್ಲಿ ಒರೆಸುತ್ತ, ನಡು ಉಬ್ಬಿ ಎರಡು ಕಡೆಗೂ ನಯವಾಗಿ ಇಳಿಯುವಂತೆ ಜಾಯಿಂಟ್ ತಿದ್ದಬೇಕು. ತಡಮಾಡಿದರೆ ಗಂಟು ಬೀಳುತ್ತದೆ, ಅವಸರ ಮಾಡಿದರೆ ಬೆಸುಗೆ ಜಾರಿ ನೆಲಕ್ಕೆ ಸುರಿಯುತ್ತದೆ.

1913ರಲ್ಲಿ ಇಂಥ ಕೆಲಸ ಕಲಿಯಲು ಸೇರಿದ ಹದಿನೈದರ ಹುಡುಗ ಹ್ಯಾರಿ ಪ್ಯಾಚ್. ಊರು ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಬಾತ್ ನಗರದ ಪಕ್ಕದ ಕೂಂಬ್ ಡೌನ್. ಬಾತ್ ನಗರವನ್ನು ಕಟ್ಟಿದ ಜೇನು ಬಣ್ಣದ ಕಲ್ಲು ಹೆಚ್ಚಾಗಿ ಹೊರಬಂದದ್ದು ಆ ಊರಿನ ನೆಲದಡಿಯಿಂದ. ತಂದೆ ಕಲ್ಲುಕೆಲಸದ ಮೇಸ್ತ್ರಿ. ಮಗ ಪೈಪಿನ ಕೆಲಸ ಹಿಡಿದ. ಮನೆಮಂದಿಯೆಲ್ಲ ಕೈಕಸುಬಿನಲ್ಲೇ ಅನ್ನ ಕಂಡವರು.

ಆ ಹುಡುಗ 2009ರ ಜುಲೈ 25ರಂದು ತೀರಿಕೊಂಡಾಗ ವಯಸ್ಸು 111 ವರ್ಷ. ಮೊದಲ ಮಹಾಯುದ್ಧದಲ್ಲಿ ಪಶ್ಚಿಮ ರಣರಂಗದ ಕಂದಕಗಳಲ್ಲಿ ನಿಂತು ಹೋರಾಡಿದವರಲ್ಲಿ ಉಳಿದಿದ್ದ ಕೊನೆಯವರು ಅವರೇ. ಅದಕ್ಕೆ ಒಂದು ವಾರ ಮೊದಲಷ್ಟೇ, 113ನೇ ವಯಸ್ಸಿನಲ್ಲಿ, ಅದೇ ಯುದ್ಧದ ಇನ್ನೊಬ್ಬ ಹಿರಿಯ ಹೆನ್ರಿ ಆಲಿಂಗಮ್ ಹೋಗಿದ್ದರು. ಜಗತ್ತಿನ ಪತ್ರಿಕೆಗಳೆಲ್ಲ ಪ್ಯಾಚ್ ಬಗ್ಗೆ ಬರೆದವು. ಆಗ ಓದಿದ್ದನ್ನು ಈಚೆಗೆ ಮತ್ತೆ ತೆಗೆದು ಓದುವಾಗ ನನಗೆ ಒಂದು ಕೊರತೆ ಕಾಡಿತು. ಬರೆದವರೆಲ್ಲ "ಕೊನೆಯ ಯೋಧ" ಎಂದರು. ಆದರೆ ಪ್ಯಾಚ್ ಕಂದಕದಲ್ಲಿದ್ದದ್ದು 1917ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಾಲ್ಕು ತಿಂಗಳೂ ತುಂಬಿರಲಿಲ್ಲ. ಪೈಪು ಹಿಡಿದದ್ದು ಸುಮಾರು ಅರ್ಧ ಶತಮಾನ. ಗಂಡನಾಗಿ, ಅಪ್ಪನಾಗಿ ಬಾಳಿದ್ದು ಅದಕ್ಕಿಂತಲೂ ಹೆಚ್ಚು. ಈ ದೊಡ್ಡ ಭಾಗಕ್ಕೆ ಸುದ್ದಿಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನಗೆ ಆ ಮನುಷ್ಯ ದೊಡ್ಡವರೆನಿಸುವುದು ಅಲ್ಲಿಯೇ, ಹಾಗಾಗಿ ಈ ಬರಹ.

ಹಾಗೆಂದು ಯುದ್ಧವನ್ನು ಬಿಟ್ಟು ಅವರ ಕಥೆ ಹೇಳಲಾಗದು. 1916ರ ಅಕ್ಟೋಬರಿನಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾಯಿದೆ ಅವರನ್ನು ಎಳೆದುಕೊಂಡಿತು. ಹೋಗಬೇಕೆಂಬ ಆಸೆ ಅವರಿಗಿರಲಿಲ್ಲ. ಅಣ್ಣ ಆಗಲೇ ಸೈನ್ಯದಲ್ಲಿದ್ದು ಗಾಯಗೊಂಡು ಬಂದಿದ್ದ, ಕಂದಕ ಎಂದರೆ ಏನೆಂದು ಮನೆಯಲ್ಲಿ ಹೇಳಿದ್ದ. ತರಬೇತಿ ಮುಗಿಸಿ ಡ್ಯೂಕ್ ಆಫ್ ಕಾರ್ನ್‌ವಾಲ್ಸ್ ಲೈಟ್ ಇನ್‌ಫೆಂಟ್ರಿಯ 7ನೇ ಬೆಟಾಲಿಯನ್ ಸೇರಿ ಪ್ಯಾಚ್ ಫ್ರಾನ್ಸಿಗೆ ಹೋದದ್ದು 1917ರ ಜೂನ್‌ನಲ್ಲಿ, ತಮ್ಮ ಹತ್ತೊಂಬತ್ತನೇ ಹುಟ್ಟುಹಬ್ಬದ ಆಸುಪಾಸಿನಲ್ಲಿ. ಅಲ್ಲಿಂದ ಬೆಲ್ಜಿಯಮ್ಮಿನ ಈಪ್ರ ಊರಿನ ಮುಂಚೂಣಿಗೆ. ಆ ವರ್ಷ ಅಲ್ಲಿ ನಡೆದದ್ದು ಪ್ಯಾಶೆಂಡೇಲ್ ಎಂಬ ಹೆಸರಿನಿಂದ ಕುಖ್ಯಾತವಾದ ಕದನ, ಜುಲೈ 31ರಿಂದ ನವೆಂಬರ್ 10ರವರೆಗೆ. ಆ ನೆಲವೇ ತಗ್ಗಿನ ಜವುಗು ಭೂಮಿ. ಶೆಲ್ ಬಿದ್ದು ಬಿದ್ದು ಅಲ್ಲಿನ ಹಳೆಯ ಕಾಲುವೆ, ಚರಂಡಿಗಳೆಲ್ಲ ಒಡೆದುಹೋಗಿದ್ದವು. ಮೇಲಿಂದ ಮಳೆ ಹಿಡಿಯಿತು. ನೀರು ಹರಿಯುವ ದಾರಿ ಮುಚ್ಚಿದ ನೆಲದಲ್ಲಿ ಮನುಷ್ಯರು, ಕುದುರೆಗಳು ಕೆಸರಿನಲ್ಲಿ ಮುಳುಗಿ ಸತ್ತರು. ಆ ಕೆಸರಿನಲ್ಲಿ ನಿಂತಿದ್ದ ಈ ಹುಡುಗನಿಗೆ ಗೊತ್ತಿದ್ದ ಕಸುಬು ನೀರಿಗೆ ದಾರಿ ಮಾಡಿಕೊಡುವುದು ಎಂದು ನೆನೆದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅವರದು ಲೂಯಿಸ್ ಮಷೀನ್ ಗನ್ನಿನ ಐದು ಜನರ ತಂಡ. ಒಂದನೇ ನಂಬರಿನವನು ಗುಂಡು ಹಾರಿಸುವವನು. ಎರಡನೇ ನಂಬರು ಪ್ಯಾಚ್: 47 ಗುಂಡು ಹಿಡಿಸುವ ದುಂಡನೆಯ ಮ್ಯಾಗಝೀನ್ ಖಾಲಿಯಾದಂತೆಲ್ಲ ಬದಲಿಸುವುದು, ಬಿಡಿಭಾಗಗಳ ಚೀಲ ಹೊರುವುದು, ಗನ್ ಕೆಟ್ಟರೆ ಸರಿಮಾಡುವುದು. ಉಳಿದ ಮೂವರು ಮದ್ದುಗುಂಡು ಹೊರುವವರು. ಈ ಐವರು ತಮ್ಮತಮ್ಮಲ್ಲೇ ಒಂದು ಮಾತು ಮಾಡಿಕೊಂಡಿದ್ದರು. ಆದಷ್ಟೂ ಕೊಲ್ಲಬಾರದು, ಹೊಡೆಯಲೇಬೇಕಾದರೆ ಕಾಲಿಗೆ ಹೊಡೆಯಬೇಕು. ಸೈನ್ಯದ ಯಾವ ಪುಸ್ತಕದಲ್ಲೂ ಇಲ್ಲದ ಈ ಕಟ್ಟಳೆಯನ್ನು ಇಪ್ಪತ್ತರ ಆಸುಪಾಸಿನ ಹುಡುಗರು ಕೆಸರಿನಲ್ಲಿ ಕೂತು ಮಾಡಿಕೊಂಡಿದ್ದರು. ಅದರ ಪರೀಕ್ಷೆಯೂ ನಡೆಯಿತು. ಬಯೊನೆಟ್ ಹಿಡಿದು ಮೈಮೇಲೆ ನುಗ್ಗಿಬಂದ ಜರ್ಮನ್ ಸೈನಿಕನ ಭುಜಕ್ಕೆ ಪ್ಯಾಚ್ ರಿವಾಲ್ವರಿನಿಂದ ಹೊಡೆದರು. ಬಂದೂಕು ಕೈಬಿಟ್ಟರೂ ಅವನು ನಿಲ್ಲಲಿಲ್ಲ. ಯೋಚಿಸಲು ಇದ್ದದ್ದು ಕ್ಷಣಗಳು ಮಾತ್ರ. ಎದೆಗೆ ಗುರಿಯಿಡಬಹುದಿತ್ತು. ಮೊಣಕಾಲಿನ ಮೇಲಕ್ಕೂ ಕಾಲ್ಗಂಟಿಗೂ ಹೊಡೆದು ಕೆಡವಿದರು.

ಆಗಸ್ಟ್ 16ರ ಲಾಂಗೆಮಾರ್ಕ್ ದಾಳಿಯ ದಿನ ಕಂಡ ಇನ್ನೊಂದು ನೋಟ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಭುಜದಿಂದ ಸೊಂಟದವರೆಗೆ ಮೈ ಸೀಳಿಹೋಗಿದ್ದ ತಮ್ಮದೇ ರೆಜಿಮೆಂಟಿನ ಹುಡುಗನೊಬ್ಬ "ನನಗೆ ಗುಂಡು ಹೊಡೆದುಬಿಡಿ" ಎಂದು ಬೇಡಿದ. ಇವರು ರಿವಾಲ್ವರ್ ತೆಗೆಯುವಷ್ಟರಲ್ಲಿ ಅವನ ಜೀವ ಹೋಗಿತ್ತು. ಕೊನೆಗೆ ಬಾಯಿಂದ ಬಂದದ್ದು "ಅಮ್ಮಾ" ಎಂಬ ಒಂದೇ ಮಾತು. ಅದು ನೋವಿನ ಕೂಗಾಗಿರಲಿಲ್ಲ, ಎದುರಿಗೆ ಯಾರನ್ನೋ ಕಂಡು ಬೆರಗಾದವನ ಸಂತೋಷ ಅದರಲ್ಲಿತ್ತು ಎಂದು ಪ್ಯಾಚ್ ಹೇಳುತ್ತಿದ್ದರು. ಸಾವಿನ ಆಚೆಗೆ ಏನೋ ಇದೆ ಎಂಬ ನಂಬಿಕೆ ತಮಗೆ ಅಲ್ಲಿಂದ ಬಂತು ಎಂದೂ.

1917ರ ಸೆಪ್ಟೆಂಬರ್ 22ರ ರಾತ್ರಿ ಸುಮಾರು ಹತ್ತೂವರೆ. ತಂಡ ಮುಂಚೂಣಿಯಿಂದ ಹಿಂದಕ್ಕೆ ಬರುತ್ತಿತ್ತು. ತಲೆಯ ಮೇಲೆಯೇ ಶೆಲ್ ಸಿಡಿಯಿತು. ಮದ್ದುಗುಂಡು ಹೊರುತ್ತಿದ್ದ ಮೂವರೂ ಇಲ್ಲವಾದರು, ಹೂಳುವುದಕ್ಕೂ ಏನೂ ಸಿಗಲಿಲ್ಲ. ಪ್ಯಾಚ್ ಅವರ ತೊಡೆಸಂದಿಗೆ ಲೋಹದ ಚೂರು ನಾಟಿತ್ತು. ಚಿಕಿತ್ಸಾ ಕೇಂದ್ರದಲ್ಲಿ ಅರಿವಳಿಕೆ ಮದ್ದು ಖಾಲಿಯಾಗಿತ್ತು. ಎರಡು ನಿಮಿಷದ ಕೆಲಸ ಎಂದ ಡಾಕ್ಟರು, ನಾಲ್ಕು ಜನ ಕೈಕಾಲು ಅದುಮಿ ಹಿಡಿದಿರುವಾಗ ಚೂರನ್ನು ಕತ್ತರಿಸಿ ಹೊರತೆಗೆದರು. ನೆನಪಿಗೆ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಾಗ, ಬೇಡ, ಎಸೆದುಬಿಡಿ ಎಂದರು ಪ್ಯಾಚ್. ದೇಶವೆಲ್ಲ ನವೆಂಬರ್ 11ರಂದು ಮಡಿದವರನ್ನು ನೆನೆಯುತ್ತಿದ್ದರೆ, ಅವರ ನೆನಪಿನ ದಿನ ಕಡೆಯವರೆಗೂ ಸೆಪ್ಟೆಂಬರ್ 22 ಆಗಿಯೇ ಉಳಿಯಿತು.

ಇಲ್ಲಿಂದ ಮುಂದಕ್ಕೆ ಹೆಚ್ಚಿನವರು ಎಂಬತ್ತು ವರ್ಷ ಹಾರಿಬಿಡುತ್ತಾರೆ.

ಗಾಯ ಮಾಗುವ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಏಡಾ ಎಂಬ ಹುಡುಗಿಯ ಪರಿಚಯವಾಯಿತು. 1919ರಲ್ಲಿ ಮದುವೆ. ಇಬ್ಬರು ಗಂಡುಮಕ್ಕಳು. ಕೈಗೆ ಮತ್ತೆ ಪೈಪು, ಸೌಟು, ಬೆಸುಗೆ ಬಂದವು. ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಲ್ಸ್ ಮೆಮೋರಿಯಲ್ ಬಿಲ್ಡಿಂಗ್ ಆಗ ಏಳುತ್ತಿತ್ತು. 1915ರಲ್ಲಿ ಶುರುವಾಗಿ ಯುದ್ಧದಿಂದಾಗಿ ನಿಂತುಹೋಗಿದ್ದ ಕಟ್ಟಡ ಅದು. ಇನ್ನೂರು ಅಡಿಗೂ ಮೀರಿದ ಗೋಪುರ, ಹಳೆಯ ಚರ್ಚುಗಳ ಮಾದರಿಯ ಕಲ್ಲುಕೆತ್ತನೆ. ಅಲ್ಲಿ ಪ್ಲಂಬಿಂಗ್ ಕೆಲಸ ಮಾಡಿದವರಲ್ಲಿ ಪ್ಯಾಚ್ ಒಬ್ಬರು. 1925ರಲ್ಲಿ ಐದನೇ ಜಾರ್ಜ್ ದೊರೆ ಬಂದು ಕಟ್ಟಡ ಉದ್ಘಾಟಿಸಿದಾಗ ಇವರೂ ಅಲ್ಲಿದ್ದರು. ಕಸುಬಿನ ಪರೀಕ್ಷೆಗಳನ್ನು ಪಾಸು ಮಾಡಿದರು, ಮ್ಯಾನೇಜರ್ ಆದರು, ಸ್ವಂತ ಕೆಲಸವನ್ನೂ ನಡೆಸಿದರು.

ಎರಡನೇ ಮಹಾಯುದ್ಧ ಬಂದಾಗ ಸೈನ್ಯಕ್ಕೆ ಸೇರುವ ವಯಸ್ಸು ದಾಟಿತ್ತು. ಬಾತ್ ನಗರದಲ್ಲಿ ಅರೆಕಾಲಿಕ ಅಗ್ನಿಶಾಮಕ ಸಿಬ್ಬಂದಿಯಾದರು. 1942ರ ಏಪ್ರಿಲ್ ಕೊನೆಯಲ್ಲಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬಾಂಬು ಸುರಿದವು, ನಾನೂರಕ್ಕೂ ಹೆಚ್ಚು ಜನ ಸತ್ತರು. ತಾವು ಹುಟ್ಟಿ ಬೆಳೆದ ಸೀಮೆಯ ಮನೆಗಳಿಗೆ ಹತ್ತಿದ ಬೆಂಕಿಯನ್ನು ಆರಿಸಲು ನಿಂತರು ಪ್ಯಾಚ್. ಮುಂದೆ ಸಾಮರ್ಸೆಟ್‌ನಲ್ಲಿ ಬೀಡುಬಿಟ್ಟ ಅಮೆರಿಕನ್ ಸೈನಿಕರ ಶಿಬಿರಗಳಲ್ಲಿ ನೀರು, ಚರಂಡಿಗಳ ವ್ಯವಸ್ಥೆ ನೋಡಿಕೊಂಡರು. ಎರಡನೆಯ ಯುದ್ಧಕ್ಕೆ ಅವರು ಸಲ್ಲಿಸಿದ ಸೇವೆಯೆಲ್ಲ ನೀರಿನದೇ. ಇದಕ್ಕೆ ಪದಕ, ಮೆರವಣಿಗೆ ಯಾವುದೂ ಇರಲಿಲ್ಲ. ಶಿಬಿರದ ನಲ್ಲಿಯಲ್ಲಿ ಒಳ್ಳೆಯ ನೀರು ಬಂದರೆ, ಕಕ್ಕಸು ಕಟ್ಟಿಕೊಳ್ಳದಿದ್ದರೆ ಯಾರೂ ಪ್ಲಂಬರನನ್ನು ನೆನೆಯುವುದಿಲ್ಲ. ಸೈನ್ಯಗಳನ್ನು ಗುಂಡಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ಟೈಫಾಯ್ಡ್ ತಿಂದುಹಾಕಿದ ಶತಮಾನಗಳಿವೆ. ಹಾಗಿರುವಾಗ ಚರಂಡಿ ನೋಡಿಕೊಂಡವನ ಕೆಲಸವನ್ನು ಗನ್ ಹಿಡಿದವನ ಕೆಲಸಕ್ಕಿಂತ ಕಡಿಮೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

1963ರಲ್ಲಿ, ಅರವತ್ತೈದಕ್ಕೆ, ನಿವೃತ್ತರಾದರು. 1976ರಲ್ಲಿ ಏಡಾ ತೀರಿಕೊಂಡರು. ಐವತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಅವರು ಪ್ಯಾಶೆಂಡೇಲ್ ಬಗ್ಗೆ ಏನೂ ಹೇಳಿರಲಿಲ್ಲ. ಮಕ್ಕಳಿಗೂ ಹೇಳಿರಲಿಲ್ಲ. ಯುದ್ಧದ ಸಿನಿಮಾ ನೋಡುತ್ತಿರಲಿಲ್ಲ. ಮುಂದೆ ಇಬ್ಬರು ಮಕ್ಕಳೂ ತಂದೆಗಿಂತ ಮೊದಲೇ ಹೋದರು. ನೂರು ದಾಟಿ ಬಾಳು ಎಂದು ಹರಸುವಾಗ ನಾವು ಈ ಕಡೆಯನ್ನು ಯೋಚಿಸಿರುವುದಿಲ್ಲ. ಮಣ್ಣು ಹಾಕಬೇಕಾದ ಮಕ್ಕಳಿಗೆ ತಾನೇ ಮಣ್ಣು ಹಾಕುವುದೂ ಆ ಹರಕೆಯೊಳಗೇ ಇರುತ್ತದೆ.

ವೆಲ್ಸ್ ಊರಿನ ವೃದ್ಧಾಶ್ರಮದಲ್ಲಿ ಅವರ ಕೋಣೆಯ ಎದುರಿಗೆ ಬಟ್ಟೆ ಇಡುವ ಒಂದು ಕೋಣೆಯಿತ್ತು. ರಾತ್ರಿ ಸಿಬ್ಬಂದಿ ಬಂದು ಅದರ ದೀಪ ಹಾಕಿದರೆ ಕಿಟಕಿಯ ಮೂಲಕ ಥಟ್ಟನೆ ಬೆಳಕು ಇತ್ತ ಬೀಳುತ್ತಿತ್ತು. ಅರೆನಿದ್ದೆಯಲ್ಲಿದ್ದ ಮುದುಕನಿಗೆ ಅದು ಶೆಲ್ ಸಿಡಿದ ಬೆಳಕು. ಎಂಬತ್ತು ವರ್ಷ ಕಳೆದ ಮೇಲೂ!

ಬಾಯಿ ಬಿಟ್ಟದ್ದು 1998ರಲ್ಲಿ, ನೂರು ತುಂಬಿದ ಮೇಲೆ, ಬಿಬಿಸಿಯವರು ಸಾಕ್ಷ್ಯಚಿತ್ರಕ್ಕಾಗಿ ಹುಡುಕಿಕೊಂಡು ಬಂದಾಗ. ಜೊತೆಯವರು ಒಬ್ಬೊಬ್ಬರಾಗಿ ಹೋಗಿ, ಹೇಳಲು ಉಳಿದವರೇ ಕೆಲವರು ಎಂಬುದು ಅವರಿಗೆ ಅರಿವಾಗಿತ್ತು. ಒಮ್ಮೆ ಮಾತಿಗೆ ತೊಡಗಿದ ಮೇಲೆ ಮುಚ್ಚುಮರೆ ಇಡಲಿಲ್ಲ. ಯುದ್ಧವೆಂದರೆ ವ್ಯವಸ್ಥಿತ ಕೊಲೆ, ಬೇರೇನೂ ಅಲ್ಲ ಎಂದರು. ಗುರುತಿಲ್ಲದ, ಭಾಷೆ ತಿಳಿಯದ ಮನುಷ್ಯನಿಗೆ ಗುಂಡು ಹೊಡೆಯಲು ತನ್ನನ್ನು ಸರ್ಕಾರ ಯಾಕೆ ಕರೆದುಕೊಂಡು ಹೋಗಬೇಕಿತ್ತು, ಕೊನೆಗೆ ಮೇಜಿನ ಸುತ್ತ ಕೂತು ಮುಗಿಸಿದ ಯುದ್ಧಕ್ಕೆ ಅಷ್ಟು ಜೀವಗಳು ಯಾಕೆ ಹೋಗಬೇಕಿತ್ತು ಎಂದು ಕೇಳಿದರು. ಇದನ್ನು ಕೇಳುವ ಹಕ್ಕು ಅವರಷ್ಟು ಇನ್ನಾರಿಗಿತ್ತು?

2004ರಲ್ಲಿ ಈಪ್ರಕ್ಕೆ ಹೋಗಿ, ಅದೇ ಕದನದಲ್ಲಿ ಜರ್ಮನ್ ಕಡೆಯಲ್ಲಿದ್ದ ಚಾರ್ಲ್ಸ್ ಕ್ಯುಂಟ್ಸ್ ಅವರನ್ನು ಕಂಡರು. ಕ್ಯುಂಟ್ಸ್‌ಗೆ ಆಗ 107, ಇವರಿಗೆ 106. ಇವರು ಸಾಮರ್ಸೆಟ್‌ನ ಸೇಬಿನ ಮದ್ಯದ ಬಾಟಲಿ ಕೊಟ್ಟರು, ಅವರು ತಮ್ಮ ಅಲ್ಸೇಸ್ ಸೀಮೆಯ ಬಿಸ್ಕತ್ತು ಕೊಟ್ಟರು. ನೆಂಟರ ಮನೆಗೆ ಹೋಗುವಾಗ ನಮ್ಮ ಹಿರಿಯರೂ ಕೈಬೀಸಿಕೊಂಡು ಹೋಗುವುದಿಲ್ಲ.

ನಮ್ಮ ಬೀದಿಯಲ್ಲೂ ಒಬ್ಬ ಮಿಲ್ಟ್ರಿ ತಾತ ಇದ್ದರು. ಹಳೆ ಮೈಸೂರಿನ ಊರುಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಕೇಳುವುದಿಲ್ಲ. ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದು, ಪೆನ್ಷನ್ ಪಡೆದು ಬಂದ ಮೇಲೆ ಪಂಪ್‌ಸೆಟ್ ರಿಪೇರಿಗೆ ಕೂತವರು. ಸುಟ್ಟುಹೋದ ಮೋಟರಿನ ಹಳೆ ತಂತಿ ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟು, ಹೊಸ ತಾಮ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತುತ್ತಿದ್ದರು. ನಡುವೆ ಯಾರಾದರೂ ಮಾತನಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಬೀದಿಯ ಹುಡುಗರದು ಯಾವಾಗಲೂ ಒಂದೇ ಪ್ರಶ್ನೆ: "ತಾತ, ಯುದ್ಧದಲ್ಲಿ ಎಷ್ಟು ಜನನ್ನ ಹೊಡುದ್ರಿ?" ಅವರದೂ ಒಂದೇ ಉತ್ತರ: "ಹೋಗ್ರೋ, ತ್ರೀಫೇಸ್ ಬಂತಾ ನೋಡ್ಕೊಂಡ್ ಬರ್ರಿ." ಬೇಸಿಗೆಯಲ್ಲಿ ಮೋಟರ್ ಸುಟ್ಟು ಬೆಳೆ ಒಣಗುತ್ತಿದ್ದ ರೈತ ರಾತ್ರಿ ಬಂದು ಬಾಗಿಲು ತಟ್ಟಿದರೂ ಎದ್ದು ಕೂರುತ್ತಿದ್ದ ಮನುಷ್ಯ ಅವರು. ಅವರು ಹೋದಾಗ ಊರಿನವರು ಹಾಕಿಸಿದ ಫ್ಲೆಕ್ಸಿನಲ್ಲಿ ರಾಷ್ಟ್ರಧ್ವಜ ಇತ್ತು, "ವೀರಯೋಧ" ಎಂದಿತ್ತು. ಇರಲಿ, ಅದೂ ಸಲ್ಲಬೇಕಾದ ಮರ್ಯಾದೆಯೇ. ಆದರೆ ಎಷ್ಟು ಹೊಲಗಳಿಗೆ ನೀರು ಹರಿಸಿದ ಕೈ ಅದು ಎಂದು ಒಂದು ಅಕ್ಷರ ಇರಲಿಲ್ಲ. ಪ್ಯಾಚ್ ಬಗ್ಗೆ ಓದುವಾಗಲೆಲ್ಲ ಆ ಗೋಡೆಯ ಮೇಲಿನ ಸೀಮೆಸುಣ್ಣದ ಅಂಕಿಗಳು ನೆನಪಾಗುತ್ತವೆ.

ಪ್ಯಾಚ್ ಹೋರಾಡಿದ ಆ ಯುದ್ಧಕ್ಕೆ ನಮ್ಮ ಕಡೆಯವರೂ ಹೋಗಿದ್ದರು. ಅವಿಭಜಿತ ಭಾರತದಿಂದ ಹದಿಮೂರು ಲಕ್ಷದಷ್ಟು ಜನ ಹೋದರು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಪ್ಯಾಚ್ ಅವರಿಗಿಂತ ಮೊದಲೇ, 1914ರಲ್ಲಿ, ಭಾರತದ ಪಡೆಗಳು ಅದೇ ಈಪ್ರದ ಸುತ್ತ ಕಾದಾಡಿದ್ದವು. ಅಲ್ಲಿನ ಮೆನಿನ್ ಗೇಟ್ ಸ್ಮಾರಕದ ಗೋಡೆಗಳಲ್ಲಿ ದೇಹವೂ ಸಿಗದ ಭಾರತೀಯರ ಹೆಸರುಗಳೂ ಇವೆ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ದಳ ಪ್ಯಾಲೆಸ್ಟೈನ್ ಕಡೆಗೆ ಹೋಯಿತು. ಪ್ಯಾಚ್ ಗಾಯಗೊಂಡು ಸರಿಯಾಗಿ ಒಂದು ವರ್ಷದ ಮಾರನೆಯ ದಿನ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನವರದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕವಿದೆ. ಆ ಸವಾರರಲ್ಲಿ ಊರಿಗೆ ಮರಳಿದವರು ಮುಂದೇನು ಮಾಡಿದರು? ಯಾರು ನೇಗಿಲು ಹಿಡಿದರು, ಯಾರು ಲಾಳ ಕಟ್ಟಿದರು, ಯಾರು ಹೆಂಡತಿಗೂ ಹೇಳದೆ ರಾತ್ರಿ ಬೆಚ್ಚಿಬಿದ್ದು ಏಳುತ್ತಿದ್ದರು? ಕುದುರೆ ಓಡಿಸಿದ ಒಂದು ದಿನಕ್ಕೆ ಕಲ್ಲಿನ ಸಾಕ್ಷಿ ನಿಂತಿದೆ. ಉಳಿದ ಬದುಕನ್ನು ಕೇಳಬೇಕಾದ ಮೊಮ್ಮಕ್ಕಳು ಕೇಳುವ ಮೊದಲೇ ಆ ತಾತಂದಿರು ಹೋದರು. ಪ್ಯಾಚ್ ನೂರು ದಾಟಿ ಉಳಿದದ್ದರಿಂದ, ಅಷ್ಟು ತಡವಾಗಿಯಾದರೂ ಒಬ್ಬರು ಬಂದು ಕೇಳಿದ್ದರಿಂದ, ಅವರ ಬದುಕು ನಮಗೆ ತಿಳಿಯಿತು. ಅರವತ್ತೈದು, ಎಪ್ಪತ್ತೊಂದರ ಯುದ್ಧಗಳಿಗೆ ಹೋಗಿಬಂದವರು ಇನ್ನೂ ನಮ್ಮ ಊರುಗಳ ಜಗಲಿಗಳಲ್ಲಿ ಕೂತಿದ್ದಾರೆ. ಕೇಳುವುದಾದರೆ ಈಗಲೇ ಕೇಳಬೇಕು, ಗಡಿಯ ಕಥೆಯನ್ನಷ್ಟೇ ಅಲ್ಲ, ಊರಿಗೆ ಬಂದ ಮೇಲಿನ ಕಥೆಯನ್ನೂ.

2009ರ ಆಗಸ್ಟ್ 6ರಂದು ವೆಲ್ಸ್ ಕೆಥೀಡ್ರಲ್‌ನಲ್ಲಿ ಪ್ಯಾಚ್ ಅವರ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಸಾವಿರಾರು ಜನ ಸೇರಿದ್ದರು. ಬ್ರಿಟಿಷ್ ಸೈನಿಕರ ಜೊತೆಗೆ ಬೆಲ್ಜಿಯಂ, ಫ್ರಾನ್ಸ್, ಜರ್ಮನಿಯ ಸೈನಿಕರೂ ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದರು. ಯಾರ ಕೈಯಲ್ಲೂ ಆಯುಧವಿರಲಿಲ್ಲ, ಅಲಂಕಾರದ ಕತ್ತಿಯೂ ಕೂಡದೆಂಬುದು ಅವರ ಇಚ್ಛೆಯಾಗಿತ್ತು. ಮಣ್ಣು ಮಾಡಿದ್ದು ಹುಟ್ಟೂರಿನ ಪಕ್ಕದ ಮಾಂಕ್‌ಟನ್ ಕೂಂಬ್‌ನಲ್ಲಿ, ಅಪ್ಪ, ಅಮ್ಮ, ಅಣ್ಣ ಮಲಗಿದ್ದ ಕಡೆ.

ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ ಅವರಿಗೆ ಸಂದ ಗೌರವಗಳು ಹಲವು. ಫ್ರಾನ್ಸ್ ಲೀಜನ್ ಆಫ್ ಆನರ್ ಕೊಟ್ಟಿತು, ಬೆಲ್ಜಿಯಂ ಇನ್ನೊಂದು ಪದವಿ ಕೊಟ್ಟಿತು. ನನಗೆ ಬಹಳ ಇಷ್ಟವಾದದ್ದು ಬ್ರಿಸ್ಟಲ್ ವಿಶ್ವವಿದ್ಯಾಲಯ ಕೊಟ್ಟದ್ದು. 2005ರ ಡಿಸೆಂಬರಿನಲ್ಲಿ, ಅವರಿಗೆ 107 ವರ್ಷವಾಗಿದ್ದಾಗ, ಅದು ಎಂ.ಎ. ಗೌರವ ಪದವಿ ನೀಡಿತು. ಹದಿಹರೆಯದಲ್ಲೇ ಶಾಲೆ ಬಿಟ್ಟು ಪೈಪು ಹಿಡಿದವರು, ತಾವೇ ದುಡಿದು ಕಟ್ಟಿದ ವಿಶ್ವವಿದ್ಯಾಲಯದ ಪದವೀಧರರಾದರು. ಮುಂದೆ ವಿಲ್ಸ್ ಮೆಮೋರಿಯಲ್ ಕಟ್ಟಡದ ಕಲ್ಲುಗಳನ್ನು ತೊಳೆದು ದುರಸ್ತಿ ಮಾಡಿದ ಮೇಲೆ, 2008ರ ಫೆಬ್ರವರಿಯಲ್ಲಿ, ಮತ್ತೆ ಅವರನ್ನು ಕರೆಸಿದರು. 1925ರಲ್ಲಿ ದೊರೆ ಬಂದ ದಿನ ಕೆಲಸಗಾರರ ಸಾಲಿನಲ್ಲಿ ನಿಂತಿದ್ದವರಲ್ಲಿ ಜೀವಂತವಾಗಿದ್ದವರು ಇವರೊಬ್ಬರೇ. ಈ ಸಲದ ಸಮಾರಂಭಕ್ಕೆ ಮುಖ್ಯ ಅತಿಥಿ ಆ ಪ್ಲಂಬರ್.